ಪಂಪ್ ಬದಲಿಸಿದರೆ ಲೋಡರ್ ಸರಿಹೋಗುತ್ತಾ?

ಫೋನ್ ಬರುವುದು ಬೆಳಿಗ್ಗೆ, ಕ್ರಷರ್ ಶುರುವಾಗುವ ಹೊತ್ತಿಗೆ. "ಅಣ್ಣಾ, ನಮ್ಮ ಲೋಡರ್ ಬಕೆಟ್ ಎತ್ತುತ್ತಿಲ್ಲ. ಪಂಪ್ ಹೋಗಿದೆ. ಹೊಸದು ಹಾಕಿದ್ರೆ ಸರಿಹೋಗುತ್ತಲ್ವಾ? ಎಷ್ಟಾಗುತ್ತೆ?" ಗಾಡಿ ಹಿಂದೂಸ್ತಾನ್ ಕಂಪನಿಯ '2021' ಅನ್ನುವ ಲೋಡರ್ ಇರಲಿ, ಕೆಜಿಎಫ್‌ನಲ್ಲಿ ತಯಾರಾದ ಬಿಇಎಂಎಲ್‌ನ ಹಳೆಯ ಲೋಡರ್ ಇರಲಿ, ಕೇಳುವ ಮಾತು ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಹೈಡ್ರಾಲಿಕ್ ಪಂಪ್, ಅಂದರೆ ಬಕೆಟ್ ಎತ್ತುವ ಜಾಕ್‌ಗಳಿಗೆ ಆಯಿಲ್ ತಳ್ಳುವ ಪಂಪ್, ಹೋಗಿದೆ ಅಂತ ನೀವು ಅಳೆದು ನೋಡಿ ಹೇಳುತ್ತಿಲ್ಲ, ಅಂದಾಜಿನ ಮೇಲೆ ಹೇಳುತ್ತಿದ್ದೀರಿ. ಪ್ರೆಷರ್ ಗೇಜ್ ಹಾಕಿದಿರಾ? ಇಲ್ಲ. ಗಡಿಯಾರ ಹಿಡಿದಿರಾ? ಇಲ್ಲ. ಆಯಿಲ್ ಬಿಸಿಯಾದ ಮೇಲೆ ಹೀಗಾಗುತ್ತದೋ, ಬೆಳಿಗ್ಗೆ ತಣ್ಣಗಿದ್ದಾಗಲೂ ಹೀಗೇನಾ? ನೋಡಿಲ್ಲ. ಹಾಗಿದ್ದ ಮೇಲೆ ಪಂಪ್‌ನ ರೇಟು ಕೇಳಿ ಏನು ಮಾಡುತ್ತೀರಿ?

"ಪಂಪ್ ಪ್ರೆಷರ್ ಕೊಡ್ತಿಲ್ಲ" ಅನ್ನುವ ಮಾತನ್ನೇ ಮೊದಲು ಬಿಡಿ. ಪಂಪ್ ಪ್ರೆಷರ್ ಕೊಡುವುದಿಲ್ಲ, ಆಯಿಲ್ ತಳ್ಳುತ್ತದೆ, ಅಷ್ಟೇ. ಆ ಆಯಿಲ್‌ಗೆ ಎದುರು ಭಾರ ಸಿಕ್ಕಾಗ ಪ್ರೆಷರ್ ಏರುತ್ತದೆ. ಎಷ್ಟರವರೆಗೆ ಏರಬಹುದು ಅನ್ನುವುದನ್ನು ರಿಲೀಫ್ ವಾಲ್ವ್ ತೀರ್ಮಾನಿಸುತ್ತದೆ. ಹಾಗಾಗಿ "ಎತ್ತುತ್ತಿಲ್ಲ" ಎಂಬ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಖಾಲಿ ಬಕೆಟ್ ಕೂಡ ನಿಧಾನವಾಗಿ ಏಳುತ್ತಿದ್ದರೆ ಆಯಿಲ್ ಸಾಲುತ್ತಿಲ್ಲ. ಖಾಲಿ ಬಕೆಟ್ ಸರಾಗವಾಗಿ ಎದ್ದು, ಜಲ್ಲಿ ತುಂಬಿದಾಗ ಮಾತ್ರ ನಿಂತುಬಿಡುತ್ತಿದ್ದರೆ ಪ್ರೆಷರ್ ನಿಲ್ಲುತ್ತಿಲ್ಲ. ಎರಡಕ್ಕೂ ಒಂದೇ ಮದ್ದು ಹಾಕಲು ಬರುವುದಿಲ್ಲ.

ನಿಧಾನ ಎಷ್ಟು ಅನ್ನುವುದಕ್ಕೆ ಮೊಬೈಲ್‌ನ ಗಡಿಯಾರ ಸಾಕು. ಆಯಿಲ್ 45ರಿಂದ 55 ಡಿಗ್ರಿ ಇರಲಿ. ಟ್ಯಾಂಕಿನ ಮೇಲೆ ಅಂಗೈ ಇಟ್ಟರೆ ಚೆನ್ನಾಗಿ ಬಿಸಿ ತಾಗಬೇಕು, ಕೈ ಕಿತ್ತುಕೊಳ್ಳುವಷ್ಟಲ್ಲ. ಎಂಜಿನ್ ಪೂರ್ತಿ ರೇಸ್‌ನಲ್ಲಿಟ್ಟು, ಖಾಲಿ ಬಕೆಟ್ ನೆಲದಿಂದ ಮೇಲಿನ ತುದಿಗೆ ಹೋಗಲು ಎಷ್ಟು ಸೆಕೆಂಡ್ ಅಂತ ಮೂರು ಸಲ ನೋಡಿ. ಲೆಕ್ಕಕ್ಕೆ ಒಂದು ಉದಾಹರಣೆ: ಒಂದು ಸಲ ಸುತ್ತಿದರೆ 80 ಸಿಸಿ ತಳ್ಳುವ ಗೇರ್ ಪಂಪ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 160 ಲೀಟರ್ ಕೊಡಬೇಕು. ಬೂಮ್ (ಬಕೆಟ್ ಹೊತ್ತ ತೋಳು) ಎತ್ತುವ ಜಾಕ್‌ನ ಬೋರ್ (ಒಳವ್ಯಾಸ) 125 ಮಿ.ಮೀ., ಸ್ಟ್ರೋಕ್ (ರಾಡ್ ಚಾಚುವ ಉದ್ದ) 750 ಮಿ.ಮೀ. ಆದರೆ ಒಂದಕ್ಕೆ 9.2 ಲೀಟರ್, ಎರಡಕ್ಕೆ 18.4 ಲೀಟರ್ ಹಿಡಿಯುತ್ತದೆ. ಅಂದರೆ ಸುಮಾರು 7 ಸೆಕೆಂಡ್‌ಗೆ ಮೇಲೇರಬೇಕು. 11 ಸೆಕೆಂಡ್ ತೆಗೆದುಕೊಂಡರೆ ಜಾಕ್‌ಗೆ ಮುಟ್ಟುತ್ತಿರುವುದು 100 ಲೀಟರ್, ಉಳಿದ 60 ಎಲ್ಲೋ ದಾರಿ ತಪ್ಪಿದೆ, ಇಲ್ಲವೇ ಪಂಪ್‌ಗೇ ಬಂದಿಲ್ಲ. ನಿಮ್ಮ ಗಾಡಿಗೆ ಎಷ್ಟು ಸೆಕೆಂಡ್ ಅನ್ನುವುದು ಸರ್ವಿಸ್ ಪುಸ್ತಕದಲ್ಲೇ ಇರುತ್ತದೆ.

ಇನ್ನೊಂದು ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಬೂಮ್ ನಿಧಾನ, ಆದರೆ ಬಕೆಟ್ ಮಡಚುವುದು ಎಂದಿನಂತೆ ವೇಗವಾಗಿದೆಯೇ? ಹಾಗಿದ್ದರೆ ಪಂಪ್ ಮುಟ್ಟಬೇಡಿ. ಎರಡಕ್ಕೂ ಆಯಿಲ್ ಕೊಡುವುದು ಒಂದೇ ಪಂಪ್. ಬೂಮ್ ಲಿವರ್‌ನ ಪಿನ್ನು ಸವೆದು ಸ್ಪೂಲ್ (ವಾಲ್ವ್‌ನೊಳಗೆ ಸರಿದು ಆಯಿಲ್‌ಗೆ ದಾರಿ ಬಿಡುವ ಕಡ್ಡಿ) ಪೂರ್ತಿ ಎಳೆಯದಿದ್ದರೂ ಹೀಗೇ ಆಗುತ್ತದೆ. ಕೆಳಗೆ ಬಗ್ಗಿ ಸ್ಪೂಲ್ ಎಷ್ಟು ಹೊರಗೆ ಬರುತ್ತಿದೆ ಅಂತ ನೋಡಿದವರು ಎಷ್ಟು ಜನ?

ಆಯಿಲ್ ಪಂಪ್‌ಗೇ ಬರದಿರುವುದು ಹಳೆಯ ಗಾಡಿಗಳಲ್ಲಿ ತೀರಾ ಸಾಮಾನ್ಯ. ಬೆಳಿಗ್ಗೆ ತಣ್ಣಗಿದ್ದಾಗ ಪಂಪ್ ಒಂದೇ ಸಮನೆ ಕೀರಲು ದನಿ ಮಾಡಿ, ಬಿಸಿಯಾದ ಮೇಲೆ ಕಡಿಮೆಯಾದರೆ ಸಕ್ಷನ್, ಅಂದರೆ ಟ್ಯಾಂಕಿನಿಂದ ಪಂಪ್‌ಗೆ ಆಯಿಲ್ ಎಳೆಯುವ ದಾರಿ, ಕಟ್ಟಿಕೊಂಡಿದೆ. ಟ್ಯಾಂಕಿನೊಳಗಿನ ಸ್ಟ್ರೈನರ್ (ಸೋಸುವ ಜಾಲರಿ) ನೋಡಿ. ಅದು ಶುದ್ಧವಾಗಿದ್ದರೆ ಸಕ್ಷನ್ ಹೋಸ್ ಬಿಚ್ಚಿ. ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಟಾರ್ಚ್ ಹಾಕಿದರೆ ರಬ್ಬರಿನ ಪದರ ಬಿಟ್ಟುಕೊಂಡು ನಾಲಗೆಯ ಹಾಗೆ ಜೋತಾಡುತ್ತಿರುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಅದು ಪಕ್ಕಕ್ಕೆ ಒರಗಿ ಆಯಿಲ್‌ಗೆ ದಾರಿ ಬಿಡುತ್ತದೆ. ರೇಸ್ ಕೊಟ್ಟ ಕೂಡಲೇ ಎಳೆತಕ್ಕೆ ಸಿಕ್ಕಿ ಬಾಯಿ ಮುಚ್ಚುತ್ತದೆ. ಈ ಹೋಸ್ ಹಾಗೇ ಬಿಟ್ಟು ಪಂಪ್ ಬದಲಿಸಿದರೆ ಹೊಸ ಪಂಪ್ ಕೂಡ ಅದೇ ದನಿ ಮಾಡುತ್ತದೆ.

ಪಂಪ್ ಗೊರಗೊರ ಅನ್ನುತ್ತಾ, ಟ್ಯಾಂಕಿನಲ್ಲಿ ನೊರೆ ಎದ್ದರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಸಕ್ಷನ್ ಜಾಯಿಂಟ್‌ಗಳ ಮೇಲೆ ಒಂದೊಂದಾಗಿ ಗ್ರೀಸ್ ಮೆತ್ತಿ. ಯಾವುದಕ್ಕೆ ಮೆತ್ತಿದಾಗ ದನಿ ಬದಲಾಯಿತೋ ಅಲ್ಲಿಂದಲೇ ಗಾಳಿ ಬರುತ್ತಿದೆ. ತಿರುಗುವ ಭಾಗಗಳಿಂದ ಕೈ ದೂರ ಇರಲಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಬಿಡಿ. ತಳದಿಂದ ಮೇಲಕ್ಕೆ ತಿಳಿಯಾದರೆ ಗಾಳಿ, ಹಾಗೇ ಉಳಿದರೆ ನೀರು. ಕರಾವಳಿಯಲ್ಲಿ ಮಳೆಗಾಲ ಕಳೆದ ಗಾಡಿಗಳಲ್ಲಿ ನೀರು ಸೇರುವುದು ಹೆಚ್ಚಾಗಿ ಟ್ಯಾಂಕಿಗೆ ಗಾಳಿ ಆಡಲು ಇರುವ ಬ್ರೀದರ್ ಕ್ಯಾಪ್‌ನಿಂದ.

ಇನ್ನು ಭಾರ ಎತ್ತದ ಕಾಯಿಲೆ. 400 ಬಾರ್ (ಪ್ರೆಷರ್‌ನ ಅಳತೆ) ತನಕ ತೋರಿಸುವ ಗೇಜ್ ಅನ್ನು ಟೆಸ್ಟ್ ಪೋರ್ಟ್‌ಗೆ ಹಾಕಿ, ಬಕೆಟ್ ಪೂರ್ತಿ ಮಡಚಿ ತುದಿಯಲ್ಲಿ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಿರಿ. ಗೇರ್ ಪಂಪ್ ಇರುವ ಹಳೆಯ ಲೋಡರ್‌ಗಳಲ್ಲಿ ಹೆಚ್ಚಿನವು 150ರಿಂದ 210 ಬಾರ್ ನಡುವೆ ಇರುತ್ತವೆ, ಸರಿಯಾದ ಅಂಕಿ ನಿಮ್ಮ ಪುಸ್ತಕದಲ್ಲಿದೆ. ಕಡಿಮೆ ತೋರಿಸಿದರೆ ರಿಲೀಫ್ ವಾಲ್ವ್ ಬಿಚ್ಚಿ ಸೀಟ್ ನೋಡಿ. ಒರೆಸುವ ಬನಿಯನ್ ವೇಸ್ಟ್‌ನ ಒಂದು ನೂಲು, ಟೆಫ್ಲಾನ್ ಟೇಪಿನ ಒಂದು ಚೂರು ಸಾಕು, ವಾಲ್ವ್ ಮುಚ್ಚಿಕೊಳ್ಳುವುದಿಲ್ಲ. ಗೇಜ್ ಇಲ್ಲದೆ ಅದರ ಸ್ಕ್ರೂ ತಿರುಗಿಸುವ ಮೇಸ್ತ್ರಿಯನ್ನು ಗಾಡಿ ಹತ್ತಿರ ಬಿಡಬೇಡಿ. ಅವರು ಕೊಡುವ ಒಂದು ಸುತ್ತು ಮೊದಲು ಹೋಸ್ ಒಡೆಯುತ್ತದೆ, ಆಮೇಲೆ ಪಂಪ್‌ನ ಬುಶ್ ತಿನ್ನುತ್ತದೆ.

ರಿಲೀಫ್ ಸರಿಯಿದ್ದು, ಸಕ್ಷನ್ ಸರಿಯಿದ್ದು, ಆಗಲೂ ಬಿಸಿಯಾದ ಮೇಲೆ ಸೋತರೆ ಆಯಿಲ್ ಹರಿವು ಅಳೆಯುವ ಫ್ಲೋ ಮೀಟರ್ ಹಾಕಿಸಿ. ಖಾಲಿಯಲ್ಲಿ 160 ಲೀಟರ್ ಕೊಟ್ಟದ್ದು 150 ಬಾರ್‌ಗೆ ಬಂದಾಗ 110ಕ್ಕೆ ಇಳಿದರೆ ಪಂಪ್ ಸವೆದಿದೆ. ಆಗ ರೇಟು ಕೇಳಿ, ಹೇಳುತ್ತೇನೆ.

ಬೂಮ್ ತಾನಾಗಿಯೇ ಇಳಿಯುತ್ತದೆ ಅನ್ನುವುದು ಪಕ್ಕದ ಪ್ರಶ್ನೆ. ಇದಕ್ಕೂ ಕೆಲವರು ಪಂಪ್ ಅನ್ನುತ್ತಾರೆ. ಎಂಜಿನ್ ಆಫ್ ಮಾಡಿದ ಮೇಲೂ ಇಳಿಯುತ್ತಿರುವಾಗ ಪಂಪ್‌ಗೆ ಅಲ್ಲಿ ಕೆಲಸವೇ ಇಲ್ಲ. ಉಳಿದವರು ಕಣ್ಣುಮುಚ್ಚಿ ಸೀಲ್ ಕಿಟ್ ತರುತ್ತಾರೆ. ಸ್ವಲ್ಪ ಯೋಚಿಸಿ. ಪಿಸ್ಟನ್ ಸೀಲ್ ಹರಿದು ಕೆಳಗಿನ ಆಯಿಲ್ ಮೇಲಿನ ಕೋಣೆಗೆ ನುಸುಳಿತು ಅನ್ನೋಣ. ಮೇಲಿನ ಕೋಣೆಯಲ್ಲಿ ರಾಡ್ ಇದೆ, ಅಲ್ಲಿ ಅಷ್ಟೂ ಆಯಿಲ್‌ಗೆ ಜಾಗ ಇಲ್ಲ. ಎರಡೂ ಪೋರ್ಟ್ (ಆಯಿಲ್ ಹೋಗಿಬರುವ ಬಾಯಿ) ಬಿಗಿಯಾಗಿ ಮುಚ್ಚಿದ್ದರೆ ಪ್ರೆಷರ್ ಏರಿ ಜಾಕ್ ಅಲ್ಲೇ ನಿಲ್ಲಬೇಕು. ಇಳಿಯುತ್ತಲೇ ಇದೆ ಎಂದರೆ ಆಯಿಲ್ ಹೊರಗೆ ಹೋಗಲು ಬೇರೆ ದಾರಿ ಸಿಕ್ಕಿದೆ: ಸವೆದ ಸ್ಪೂಲ್, ಅಥವಾ ಬೂಮ್ ಲೈನಿಗೇ ಇರುವ ರಿಲೀಫ್ ವಾಲ್ವ್ (ಪೋರ್ಟ್ ರಿಲೀಫ್). ಕಿಟ್ ಹಾಕಿದ ಮೇಲೂ ಬೂಮ್ ಇಳಿಯುವುದು ಇದಕ್ಕೇ. ಲಿವರ್ ಮೇಲಕ್ಕೆ ಎಳೆದ ಕ್ಷಣ ಬೂಮ್ ಒಮ್ಮೆ ಕುಸಿದು ಆಮೇಲೆ ಏಳುವುದು ಇನ್ನೊಂದು ಕಾಯಿಲೆ, ಅದು ಆಯಿಲ್ ಹಿಂದಕ್ಕೆ ಬರದಂತೆ ತಡೆಯುವ ಲೋಡ್ ಚೆಕ್ ವಾಲ್ವ್‌ನದು.

ಸೀಲ್ ಪರೀಕ್ಷಿಸುವುದಾದರೆ ಬಕೆಟ್ ಜಾಕ್ ಮೇಲೆ ಕಲಿಯಿರಿ. ಬಕೆಟ್ ನೆಲದ ಮೇಲಿರಲಿ, ಜಾಕ್ ಪೂರ್ತಿ ಚಾಚಿರಲಿ. ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಆಚೀಚೆ ಆಡಿಸಿ, ಟ್ಯಾಂಕ್ ಕ್ಯಾಪ್ ನಿಧಾನ ಸಡಿಲಿಸಿ ಪ್ರೆಷರ್ ಬಿಡಿ. ರಾಡ್ ಕಡೆಯ ಹೋಸ್ ಬಿಚ್ಚಿ, ಹೋಸ್‌ಗೆ ಪ್ಲಗ್ ಹಾಕಿ, ತೆರೆದ ಪೋರ್ಟ್ ಕೆಳಗೆ ಡಬ್ಬಿ ಇಡಿ. ಈಗ ಸ್ಟಾರ್ಟ್ ಮಾಡಿ ಜಾಕ್ ಇನ್ನೂ ಚಾಚುವ ಕಡೆಗೇ ಲಿವರ್ ಒತ್ತಿ. ಪೋರ್ಟ್‌ನಿಂದ ನಿಲ್ಲದೆ ಆಯಿಲ್ ಹರಿದರೆ ಸೀಲ್ ಹೋಗಿದೆ. ಆ ಲಿವರ್ ಮಾತ್ರ ಹಿಂದಕ್ಕೆ ಆಡಿಸಬೇಡಿ. ಬೂಮ್ ಎತ್ತಿಟ್ಟು ಕೆಲಸ ಮಾಡುವಾಗ ಕೆಳಗೆ ಗಟ್ಟಿ ಆಸರೆ ಕೊಡದೆ ಯಾರನ್ನೂ ಹೋಗಗೊಡಬೇಡಿ. ಗಾಡಿ ಮಡಚುವ ನಡುವಿನ ಕೀಲಿಗೆ ಲಾಕ್ ಬಾರ್ ಹಾಕಿ. ಸೂಜಿ ತೂತಿನಷ್ಟು ಲೀಕ್ ಹುಡುಕಲು ಕೈ ಆಡಿಸಬೇಡಿ, ರಟ್ಟು ಹಿಡಿಯಿರಿ. ಚರ್ಮದೊಳಗೆ ಆಯಿಲ್ ಹೊಕ್ಕರೆ ಮೊದಲಿಗೆ ಕಾಣುವುದು ಒಂದು ಚುಕ್ಕಿ, ನೋವೂ ಅಷ್ಟಿರುವುದಿಲ್ಲ. ಬ್ಯಾಂಡೇಜ್ ಕಟ್ಟಿ ಕಳಿಸುವ ಗಾಯ ಅದಲ್ಲ. ತಡ ಮಾಡಿದರೆ ಬೆರಳು, ಕೈ ಕಳೆದುಕೊಳ್ಳುತ್ತಾರೆ. ಆ ಗಳಿಗೆಯಲ್ಲೇ ಆಪರೇಷನ್ ಮಾಡುವ ಆಸ್ಪತ್ರೆಗೆ ಒಯ್ಯಿರಿ, ಒಳಗೆ ಹೋಗಿರುವುದು ಹೈಡ್ರಾಲಿಕ್ ಆಯಿಲ್ ಅಂತ ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ಬರೆದದ್ದು ನನಗೆ ಯಾರೂ ಕೇಳದ ಒಂದು ಪ್ರಶ್ನೆಗಾಗಿ. ಹಳೇ ಪಂಪ್ ಯಾಕೆ ಹೋಯಿತು? ಪಂಪ್ ನಿಜವಾಗಿಯೂ ಹೋಗಿದ್ದರೂ ಅದು ಸುಮ್ಮನೆ ಹೋಗಿರುವುದಿಲ್ಲ. ಗುಜರಿಗೆ ಹಾಕುವ ಮೊದಲು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹೌಸಿಂಗ್‌ನ ಸಕ್ಷನ್ ಬದಿಯಲ್ಲಿ ಗೇರ್ ಉಜ್ಜಿದ ತೆಳು ಗುರುತು ಸಹಜ, ಅದಕ್ಕೆ ಹೆದರಬೇಡಿ. ಗೇರ್‌ನ ಪಕ್ಕಕ್ಕೆ ಕೂರುವ ಸೈಡ್ ಪ್ಲೇಟ್ ಮರಳು ಕಾಗದದಲ್ಲಿ ತಿಕ್ಕಿದಂತೆ ಮಂಕಾಗಿ ಗೆರೆ ಬಿದ್ದಿದ್ದರೆ ಧೂಳು ಹೊಕ್ಕಿದೆ. ಇಲಿ ಕಚ್ಚಿದ ಹಾಗೆ ಸಣ್ಣ ಗುಳಿಗಳಿದ್ದರೆ ಸಕ್ಷನ್ ಕಟ್ಟಿತ್ತು. ಶಾಫ್ಟ್ ಮುರಿದು, ಹೌಸಿಂಗ್ ಬಿರುಕು ಬಿಟ್ಟಿದ್ದರೆ ರಿಲೀಫ್ ಸ್ಕ್ರೂ ಯಾರು ಬಿಗಿ ಮಾಡಿದ್ದು ಅಂತ ವಿಚಾರಿಸಿ. ನೀಲಿಗಟ್ಟಿದ್ದರೆ ಆಯಿಲ್ ಇಲ್ಲದೆ ಓಡಿದೆ, ಇಲ್ಲವೇ ಮಿತಿಮೀರಿ ಕಾದಿದೆ.

ನಮ್ಮ ಕ್ರಷರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಧೂಳಿನ ಗೆರೆ. ಬರಿಗಣ್ಣಿಗೆ ಕಾಣುವ ಅತಿ ಸಣ್ಣ ಕಣ ಸುಮಾರು 40 ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಗೇರ್‌ಗೂ ಸೈಡ್ ಪ್ಲೇಟ್‌ಗೂ ನಡುವೆ ಇರುವ ಸಂದು 5 ಮೈಕ್ರಾನ್ ಕೂಡ ಇರುವುದಿಲ್ಲ. ಕಣ್ಣಿಗೆ "ಶುದ್ಧ" ಕಾಣುವ ಆಯಿಲ್ ಪಂಪ್ ತಿನ್ನುವಷ್ಟು ಕೊಳಕಾಗಿರಬಹುದು. ಹೊಸ ಬ್ಯಾರೆಲ್‌ನದ್ದೂ ಅಷ್ಟೇ, 10 ಮೈಕ್ರಾನ್ ಫಿಲ್ಟರ್ ಮೂಲಕವೇ ಟ್ಯಾಂಕಿಗೆ ಇಳಿಸಿ. ಬಕೆಟ್ಟು, ಲಾಳಿಕೆ, ಗೋಣಿಚೀಲ ಅಲ್ಲಿ ಬೇಡ. ಯಾವ ಆಯಿಲ್ ಅಂದರೆ, ಪುಸ್ತಕದಲ್ಲಿ ಹೇಳಿದ್ದೇ. ಗ್ರೇಡ್ ಆರಿಸಿಕೊಳ್ಳಲು ಬಿಟ್ಟಿದ್ದರೆ ಬಳ್ಳಾರಿ, ರಾಯಚೂರಿನ ಬೇಸಿಗೆಗೆ ವಿಜಿ 68 (ಆಯಿಲ್ ಎಷ್ಟು ಮಂದ ಅನ್ನುವ ಗ್ರೇಡ್). ಆಯಿಲ್ 82 ಡಿಗ್ರಿ ದಾಟಿದರೆ ಸೀಲ್‌ಗಳು ಗಟ್ಟಿಯಾಗುತ್ತಾ ಹೋಗುತ್ತವೆ, ಕೂಲರ್‌ಗೆ ಮೆತ್ತಿದ ಧೂಳು ತೊಳೆಯಿರಿ.

ಹೊಸ ಪಂಪ್ ಹಾಕಲೇಬೇಕಾದರೆ ಟ್ಯಾಂಕ್ ಬರಿದು ಮಾಡಿ, ಒಳಗೆ ಕೈ ಹಾಕಿ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಸ್ಟ್ರೈನರ್ ತೊಳೆಯಿರಿ, ರಿಟರ್ನ್ ಫಿಲ್ಟರ್ ಮತ್ತು ಬ್ರೀದರ್ ಬದಲಿಸಿ. ಜಾಕ್‌ಗಳಲ್ಲಿ ಉಳಿದ ಹಳೆಯ ಆಯಿಲ್ ಹೊರಗೆ ತೆಗೆಯಿರಿ, ಹಳೇ ಪಂಪ್‌ನ ಪುಡಿ ಅಲ್ಲೇ ಕೂತಿರುತ್ತದೆ. ಪಂಪ್‌ನೊಳಗೆ ಆಯಿಲ್ ತುಂಬಿಸಿಯೇ ಕೂರಿಸಿ. ಐದು ನಿಮಿಷ ಐಡ್ಲಿಂಗ್, ಲಿವರ್ ಮುಟ್ಟಬೇಡಿ. ಆಮೇಲೆ ಭಾರ ಇಲ್ಲದೆ ಒಂದೊಂದು ಜಾಕ್ ನಿಧಾನ ಆಡಿಸಿ. ಬಕೆಟ್ ನೆಲಕ್ಕಿಟ್ಟು ಲೆವೆಲ್ ನೋಡಿ.

50 ಗಂಟೆಗೆ ರಿಟರ್ನ್ ಫಿಲ್ಟರ್ ಮತ್ತೆ ತೆಗೆಯಿರಿ. ಎಸೆಯಬೇಡಿ. ಒಳಗಿನ ಮಡಿಕೆ ಕಾಗದವನ್ನು ಚೂರಿಯಿಂದ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಬಿಡಿಸಿ, ಮೇಲೆ ಅಯಸ್ಕಾಂತ ಆಡಿಸಿ. ಅಂಟಿದ್ದು ಕಬ್ಬಿಣ, ಅಂದರೆ ಗೇರ್ ಅಥವಾ ಜಾಕ್. ಅಂಟದೆ ಹಳದಿಯಾಗಿ ಹೊಳೆಯುವುದು ಬುಶ್. ಕಪ್ಪು ಮೆತ್ತನೆಯ ಚೂರು ಸೀಲ್ ಅಥವಾ ಹೋಸ್. ಮುಂದಿನ ಸಲ ನನಗೆ ಫೋನ್ ಮಾಡುವಾಗ ಆ ಕಾಗದ ಕೈಯಲ್ಲಿ ಹಿಡಿದುಕೊಂಡು, ಅದರ ಮೇಲೆ ಏನು ಸಿಕ್ಕಿತು ಅಂತ ಮೊದಲು ಹೇಳಿ.