ಯಾರೂ ಇಲ್ಲದ ತೋಟದಲ್ಲಿ ಸೋಗೆ ಬಿದ್ದಾಗ

ಅಡಿಕೆ ತೋಟದಲ್ಲಿ ಸೋಗೆ, ಅಂದರೆ ಮರದ ಉದ್ದನೆಯ ಎಲೆ, ಬೀಳುವುದೇನೂ ಹೊಸದಲ್ಲ. ಅದರ ಬುಡದ ಒಣಗಿದ ಹಾಳೆ ಮರದಿಂದ ಬಿಡಿಸಿಕೊಂಡು ಸೋಗೆ ಸಮೇತ ಧೊಪ್ಪನೆ ನೆಲಕ್ಕೆ ಬರುತ್ತದೆ. ಅದೇ ಸೋಗೆ ರಾತ್ರಿ ಎರಡೂಮುಕ್ಕಾಲಿಗೆ, ಮನುಷ್ಯರ ಸುಳಿವೇ ಇಲ್ಲದ ಹೊತ್ತಿನಲ್ಲಿ ಬಿದ್ದರೆ ಸದ್ದು ಉಂಟೋ ಇಲ್ಲವೋ? ಸಿದ್ದಾಪುರದ ಕಡೆಯ ಒಂದು ಕಣಿವೆಯಲ್ಲಿ, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನ ತೋಟದೊಳಗೆ, ಜೂನ್ ತಿಂಗಳ ಒಂದು ರಾತ್ರಿ ಪೆಟ್ಟಿಗೆ ಇಟ್ಟು ನೋಡಿದ್ದು ಇದನ್ನೇ.

ಪೆಟ್ಟಿಗೆ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಕಾರ್ಡರ್. 3 ಪೆನ್ಸಿಲ್ ಸೆಲ್, ಒಂದು ಮೆಮೊರಿ ಕಾರ್ಡ್, ಒಂದು ಮೈಕ್, ಇಷ್ಟೇ. ಮೊಬೈಲ್ ಈ ಕೆಲಸಕ್ಕೆ ಆಗದು. ಅದನ್ನು ಹೊಂದಿಸಿರುವುದು ಮಾತಿಗಾಗಿ, ಉಳಿದದ್ದನ್ನೆಲ್ಲ ಗದ್ದಲವೆಂದು ಅದು ತಗ್ಗಿಸಿಬಿಡುತ್ತದೆ. ಸೆಕೆಂಡಿಗೆ 1,92,000 ಸಲ ಗಾಳಿಯ ಒತ್ತಡ ಅಳೆಯುವಂತೆ ಇಟ್ಟರೆ ಅದರ ಅರ್ಧ, 96,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ತನಕದ ಸದ್ದು ಹಿಡಿಯಬಹುದು. ಹಾಗೆ ಇಟ್ಟರೆ ಗಂಟೆಗೆ ಸುಮಾರು 1.4 ಜಿಬಿ, ಹದಿಮೂರು ಗಂಟೆಗೆ 18 ಜಿಬಿ ಬೇಕು. 32 ಜಿಬಿ ಕಾರ್ಡ್ ಸಾಕು. ಆದರೆ ಅರ್ಧರ್ಧ ಗಂಟೆಗೆ ಹೊಸ ಫೈಲ್ ಶುರುವಾಗುವಂತೆ ಮಾಡಿಕೊಳ್ಳಬೇಕು. ಒಂದೇ ಫೈಲಾದರೆ ಸಾಮಾನ್ಯ ವೇವ್ ಧ್ವನಿ ಫೈಲಿನ 4 ಜಿಬಿ ಮಿತಿ ಮುಟ್ಟಿ ನಡುರಾತ್ರಿಯೊಳಗೇ ಕೆಲಸ ಕೆಡುತ್ತದೆ.

ಕೆಡುವ ದಾರಿಗಳು ಇನ್ನೂ ಇವೆ. ಇಂಥ ಹಲವು ಪೆಟ್ಟಿಗೆಗಳ ಗಡಿಯಾರ ಓಡುವುದು ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನ್‌ವಿಚ್ ಲೆಕ್ಕದಲ್ಲಿ. ಸಂಜೆ ಆರೂವರೆಗೆ ಶುರುವಾಗಲೆಂದು 18:30 ಎಂದು ತುಂಬಿದರೆ ಅದು ಕಣ್ಣು ಬಿಡುವುದು ನಮ್ಮ ಮಧ್ಯರಾತ್ರಿ 12ಕ್ಕೆ. 13:00 ಎಂದೇ ತುಂಬಬೇಕು. ಅಡಿಕೆ ಮರಕ್ಕೆ ಕಟ್ಟಿದರೆ ಮಳೆನೀರು ಕಾಂಡದ ಮೇಲೆ ಹರಿದು ಬಂದು, ಬೆಳಗಿನ ತನಕ ಬೇರೇನೂ ಕೇಳದಂತೆ ಸುರಿಯುತ್ತದೆ. ಅದಕ್ಕೆ ಬೇರೆ ಗೂಟ ಹುಗಿದು, ಎದೆಮಟ್ಟಕ್ಕೆ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಮೈಕಿನ ಮುಖ ಕೆಳಗೆ ಮಾಡುವುದು ಲೇಸು. ಹೊದಿಸಿದ ಪ್ಲಾಸ್ಟಿಕ್ ಕವರ್ ಬಿಗಿಯಾಗಿರಬೇಕು, ಸಡಿಲವಿದ್ದರೆ ಪ್ರತಿ ಗಾಳಿಗೂ ಚರಪರ ಎನ್ನುತ್ತದೆ. ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಒಂದಿರಲಿ. ಧ್ವನಿಯ ಮಟ್ಟ ನಡು ಹಂತದಲ್ಲಿರಲಿ. ಹೆಚ್ಚಿಸಿದರೆ ಹತ್ತಿರದ ಕಪ್ಪೆ ಕೂಗಿದಾಗ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು.

ಬೆಳಿಗ್ಗೆ ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದಾಗ ಸೋಗೆ ಬಿದ್ದದ್ದು ಮೊದಲು ಕಂಡದ್ದು ಕಣ್ಣಿಗೆ. ಹೆಡ್‌ಫೋನ್ ಇನ್ನೂ ಮೇಜಿನ ಮೇಲೇ ಇತ್ತು. ತೆರೆಯ ಮೇಲಿನ ಗೆರೆಯಲ್ಲಿ 2:47ರ ಹೊತ್ತಿಗೆ ಒಂದು ಚೂಪು ಮುಳ್ಳು, ಅದು ಹಾಳೆ ಕಿತ್ತ ಕ್ಷಣ. ಬಳಿಕ 2.1 ಸೆಕೆಂಡ್ ಬಿಟ್ಟು ದಪ್ಪನೆಯ ಗುಡ್ಡ. 14 ಮೀಟರ್ ಎತ್ತರದಿಂದ ಕಲ್ಲು ಬಿದ್ದರೆ ಸುಮಾರು 1.7 ಸೆಕೆಂಡ್ ಬೇಕು. ಸೋಗೆಯ ಗರಿಗಳು ಗಾಳಿಯನ್ನು ತಡೆಯುವುದರಿಂದ ಅದು ತುಸು ತಡವಾಗಿ ಬೀಳುತ್ತದೆ. ಗೂಟದ ಪಕ್ಕದ ಮರಕ್ಕೆ ಲೆಕ್ಕ ಸರಿಯಾಗಿ ಕೂತಿತು.

ಹಾಗಾದರೆ ಸದ್ದಿತ್ತು ಎನ್ನೋಣವೇ? ಕಾರ್ಡಿನಲ್ಲಿರುವುದು ಅಂಕಿಗಳು ಮಾತ್ರ, ನೀವು ಹೆಡ್‌ಫೋನ್ ಹಾಕಿದಾಗಲೇ ಅದು ಸದ್ದಾಗುವುದು ಎಂದು ವಾದಿಸುವವರುಂಟು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ತೋಟದ ಆ ಅಲೆ ಕ್ಷಣಗಳಲ್ಲೇ ಎಲೆಗೂ ಮಣ್ಣಿಗೂ ಬಡಿದು, ಅಳೆಯಲಾಗದಷ್ಟು ಸಣ್ಣ ಶಾಖವಾಗಿ ಮುಗಿದುಹೋಗಿದೆ. ಈಗ ಕೇಳಿಸುವುದು ಹೊಸದಾಗಿ ಹುಟ್ಟಿಸಿದ ಅಲೆ. ಆದರೆ ಆ ಅಂಕಿಗಳನ್ನು ಬರೆಸಿದ್ದು ಯಾವುದು? ಗಾಳಿ ನಡುಗದೆ ಮೈಕಿನ ಪೊರೆ ನಡುಗದು.

ನಮ್ಮ ಭಾಷೆ ಇದನ್ನು ಮೊದಲೇ ಬೇರ್ಪಡಿಸಿಟ್ಟಿದೆ. ‘ಸದ್ದಾಯಿತು’ ಎನ್ನಲು ಯಾರೂ ಬೇಕಿಲ್ಲ. ‘ಕೇಳಿಸಿತು’ ಎಂದೊಡನೆ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಹಳೆಯ ತರ್ಕಪಂಥವಾದ ನ್ಯಾಯ ದರ್ಶನದವರೂ ಇದೇ ಜಾಡಿನಲ್ಲಿ ಯೋಚಿಸಿದವರು. ಶಬ್ದ ಹುಟ್ಟುತ್ತದೆ, ನಾಶವಾಗುತ್ತದೆ. ನೀರಿನಲ್ಲಿ ಅಲೆ ಅಲೆಯನ್ನು ಎಬ್ಬಿಸುವಂತೆ, ಅಥವಾ ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಟ್ಟಿಗೆ ಬಿರಿಯುವಂತೆ, ಒಂದು ಶಬ್ದ ಮುಂದಿನದನ್ನು ಹುಟ್ಟಿಸುತ್ತ ಹೋಗುತ್ತದೆ. ಕಿವಿಗೆ ಸಿಗುವುದು ಆ ಸಾಲಿನ ಕೊನೆಯದು ಎಂದರು. ಮೊದಲ ಶಬ್ದವನ್ನು ಯಾರೂ ಕೇಳುವುದೇ ಇಲ್ಲ, ಆದರೂ ಅದು ಇತ್ತು. ವೇದದ ಅರ್ಥವಿಚಾರ ಮಾಡುವ ಮೀಮಾಂಸಕರದು ಬೇರೆ ಹಾದಿ: ಅಕ್ಷರ ನಿತ್ಯ, ಬಾಯಿಂದ ಹೊರಡುವ ಧ್ವನಿ ಅದನ್ನು ಪ್ರಕಟಿಸುತ್ತದಷ್ಟೇ. ಆ ಮಾತು ವೇದಕ್ಕೆ ಹೊಂದೀತು, ಸೋಗೆಗೆ ನ್ಯಾಯದವರೇ ಸರಿ.

ಅದೇ ರಾತ್ರಿಯ ಇನ್ನೊಂದು ಫೈಲಿನಲ್ಲಿ 45,000 ಹರ್ಟ್ಸ್ ಆಸುಪಾಸು ಸಾಲುಸಾಲು ಗೀರುಗಳಿದ್ದವು. ಹುಳ ಹಿಡಿಯಲು ಹಾರಾಡುತ್ತಿದ್ದ ಸಣ್ಣ ಬಾವಲಿಯದು. ಮನುಷ್ಯನ ಕಿವಿಯ ಮಿತಿ 20,000. ನಾವು ಗೂಟದ ಪಕ್ಕದಲ್ಲೇ ಕೂತಿದ್ದರೂ ಅದು ನಮ್ಮ ಪಾಲಿಗೆ ಮೌನ. ಹತ್ತು ಪಟ್ಟು ನಿಧಾನಿಸಿ ಓಡಿಸಿದಾಗ ಟಿಕ್‌ ಟಿಕ್‌ ಎಂದು ಕೇಳಿಸಿತು, ಹುಳದ ಹತ್ತಿರ ಬಂದಂತೆ ಅದು ದಟ್ಟವಾಗುತ್ತ ಹೋಯಿತು. ಬಾವಲಿ ಬದುಕಿರುವುದೇ ಆ ಸದ್ದಿನ ಮೇಲೆ. ಅದನ್ನು ಇಲ್ಲವೆನ್ನಲು ನಾವು ಯಾರು?

ಇನ್ನು, ಕೇಳುವವರು ‘ಯಾರೂ ಇಲ್ಲ’ ಎಂಬ ಮಾತಿನಲ್ಲೇ ತಪ್ಪಿದೆ. ಸೋಗೆ ಬೀಳುವ ಮುನ್ನದ ಅರ್ಧ ಗಂಟೆಯನ್ನು ಪೂರ್ತಿ ಕೇಳಿದರೆ ಮರಗಪ್ಪೆಗಳ ಕೂಗು ಒಂದು ಸಲವೂ ಕಡಿಯುವುದಿಲ್ಲ. ಧೊಪ್ಪೆಂದ ಗಳಿಗೆಗೆ ಹತ್ತಿರದವೆಲ್ಲ ಬಾಯಿ ಮುಚ್ಚಿದವು. ಕಪ್ಪೆಗಳು ಕಿವಿಯಿಂದಷ್ಟೇ ಅಲ್ಲ, ಮೈಯಿಂದಲೂ ನೆಲದ ಕಂಪನ ಹಿಡಿಯುತ್ತವೆ. ದೂರದ ಹಳ್ಳದ ಕಡೆಯವು ಕೂಗುತ್ತಲೇ ಇದ್ದವು. ಒಂಬತ್ತು ಸೆಕೆಂಡ್ ಗೂಟದ ಸುತ್ತ ಹನಿ ತೊಟ್ಟಿಕ್ಕುವುದು ಬಿಟ್ಟು ಬೇರೇನಿಲ್ಲ. ಹತ್ತನೆಯದಕ್ಕೆ ಒಂದೇ ಒಂದು ಕಪ್ಪೆ ಟ್ರಿಕ್ ಎಂದಿತು, ತಡೆದು ಮತ್ತೊಮ್ಮೆ ಎಂದಿತು. ಆಮೇಲೆ ಇನ್ನೊಂದು. ಹದಿನಾಲ್ಕನೆಯ ಸೆಕೆಂಡಿಗೆ ಎಲ್ಲವೂ ಮೊದಲಿನಂತೆ ಕೂಗತೊಡಗಿದ್ದವು.