ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ

ಯುಗಾದಿ ಆಗಿ ಒಂದು ವಾರಕ್ಕೆ ನಮ್ಮ ಎದುರು ಸೈಟಿನಲ್ಲಿ ಪಾಯ ತೆಗೆಯೋಕೆ ಜೆಸಿಬಿ ಬಂತು. ಅವತ್ತಿನಿಂದ ನಮ್ಮ ಪುಟ್ಟ ಗೇಟಿಗೆ ಅಂಟಿಕೊಂಡುಬಿಟ್ಟ. ಬೆಳಿಗ್ಗೆ ಹಾಲು ಗೇಟಿನ ಹತ್ತಿರ, ಸಂಜೆ ಬಿಸ್ಕತ್ತು ಗೇಟಿನ ಹತ್ತಿರ. ಗಾಡಿ ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುತ್ತಲ್ಲ, ಅದನ್ನು ಎಷ್ಟು ಚೆನ್ನಾಗಿ ಕಲಿತ ಅಂದ್ರೆ, ಸ್ನಾನದ ಮನೆಯಿಂದ ಹಿಂದೆ ಹಿಂದೆ ನಡೆದುಕೊಂಡು ಬರುವಾಗಲೂ ಅದೇ ಸದ್ದು. ಹಾಗಾಗಿ ನಾಲ್ಕನೇ ಹುಟ್ಟುಹಬ್ಬಕ್ಕೆ ಏನು ಮಾಡೋಣ ಕಂದ ಅಂತ ನಾವು ಕೇಳಿದ್ದೇ ಸುಮ್ನೆ.

"ಜೆಸಿಬಿ ಹುಟ್ಟುಹಬ್ಬ."

ಡೆಕೊರೇಷನ್‌ನವರಿಗೆ ಫೋನ್ ಮಾಡಿ ರೇಟು ಕೇಳಿದೆ. ಆ ದುಡ್ಡಿಗೆ ಎದುರು ಮನೆಯ ಒಂದು ಗೋಡೆಗೆ ಪ್ಲಾಸ್ಟರ್ ಆಗುತ್ತಿತ್ತೇನೋ. ಮನೆಯಲ್ಲೇ ಮಾಡಿದರಾಯಿತು ಅಂತ ರಾತ್ರಿ ಕೂತು ನೆಟ್‌ನಲ್ಲಿ ಹುಡುಕಿದೆ. ಎಲ್ಲಾ ಕಡೆ ಒಂದೇ ಥರ ಚಿತ್ರ: ಹಳದಿ ಬಣ್ಣದ, ಮೂಲೆ ಮೇಲೆ ನಿಲ್ಲಿಸಿದ ಚೌಕದ ಬೋರ್ಡುಗಳು, ಮೇಲೆ ಇಂಗ್ಲಿಷಿನಲ್ಲಿ ಏನೇನೋ ಚೇಷ್ಟೆ. ಹತ್ತು ಹಾಳೆ ಕಲರ್ ಪ್ರಿಂಟ್ ತೆಗೆಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದೆ.

ನಮ್ಮ ಮಾವ ಮೈಸೂರಿನ ಬೆಮೆಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಗಣಿಗಳಲ್ಲಿ ಓಡೋ ದೊಡ್ಡ ಡಂಪರ್‌ಗಳು ತಯಾರಾಗೋದು ಇಲ್ಲೇ. ಮನುಷ್ಯನಿಗಿಂತ ಎತ್ತರದ ಟೈರು, ನೂರು ಟನ್ ಹೊರುವ ಗಾಡಿ. ಅವರು ಕನ್ನಡಕ ಹಾಕಿಕೊಂಡು ಒಂದು ಹಾಳೆ ಎತ್ತಿ ನೋಡಿದರು.

"ಇದು ಯಾವ ಊರಿನ ರೋಡಮ್ಮಾ?"

ಹೌದಲ್ವಾ! ನಮ್ಮ ರಸ್ತೆಯಲ್ಲಿ ಎಚ್ಚರಿಕೆ ಬೋರ್ಡು ಅಂದ್ರೆ ಕೆಂಪು ಅಂಚಿನ ತ್ರಿಕೋನ, ಒಳಗೆ ಬಿಳಿ, ಅದರಲ್ಲಿ ಕಪ್ಪು ಬಣ್ಣದ ಮನುಷ್ಯ ಸನಿಕೆ ಹಿಡಿದು ಮಣ್ಣು ಎಳೆಯುತ್ತಿರುತ್ತಾನೆ. ಸ್ಪೀಡ್ ಮಿತಿಯದು ಕೆಂಪು ಅಂಚಿನ ದುಂಡು ಬೋರ್ಡು. ಪುಟ್ಟ ದಿನಾ ನೋಡೋದು ಇವನ್ನೇ. ಆ ಹತ್ತು ಹಾಳೆಗಳ ಹಿಂಭಾಗ ಈಗ ಅವನ ಚಿತ್ರ ಬರೆಯೋಕೆ ಉಪಯೋಗಕ್ಕೆ ಬರ್ತಿದೆ.

ಅಲ್ಲಿಂದ ಒಂದೇ ರೂಲ್ಸು ಮಾಡಿಕೊಂಡೆವು. ಎದುರು ಮನೆಯಲ್ಲಿ, ನಮ್ಮ ರಸ್ತೆಯಲ್ಲಿ ಏನಿದೆಯೋ ಅದೇ ಇಲ್ಲೂ ಇರಬೇಕು.

ಮೊದಲು ಜೆಸಿಬಿ. ಇಲ್ಲೂ ಮಾವನ ಪಾಠ ಆಯಿತು. ಜೆಸಿಬಿ ಅನ್ನೋದು ಗಾಡಿಯ ಹೆಸರಲ್ಲ, ಕಂಪನಿ ಹೆಸರು, 1945ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನೋರ ಇನಿಷಿಯಲ್ಲು, ಈ ಗಾಡಿಗೆ ಬ್ಯಾಕ್‌ಹೋ ಲೋಡರ್ ಅನ್ನಬೇಕು. ಪುಟ್ಟ ಪೂರ್ತಿ ಕೇಳಿಸಿಕೊಂಡು, "ತಾತ, ಚಕ್ರ ಇದ್ರೆ ಜೆಸಿಬಿ, ಚೈನ್ ಇದ್ರೆ ಹಿಟಾಚಿ" ಅಂದ. ಮೇಸ್ತ್ರಿ ಹೇಳಿಕೊಟ್ಟಿದ್ದಂತೆ. ಕರ್ನಾಟಕದಲ್ಲಿ ಅರ್ಧ ಜನ ಹಾಗೇ ಅನ್ನೋದು. ಮಾವ ಸುಮ್ಮನಾದರು.

ಗಾಡಿಯ ಮೈಗೆ ವಾಷಿಂಗ್ ಮಷಿನ್ನಿನ ರಟ್ಟಿನ ಡಬ್ಬ, ಕೈಗೆ ಫ್ರಿಡ್ಜ್ ಡಬ್ಬದ ಪಕ್ಕಗಳು. ಎರಡನ್ನೂ ಹತ್ತಿರದ ಅಂಗಡಿಯಲ್ಲಿ ಐವತ್ತು ಐವತ್ತು ರೂಪಾಯಿ ಕೊಟ್ಟು ತಂದೆ. ಮೈ ಸುಲಭವಾಗಿ ಆಯಿತು. ಹಿಂದಿನ ಕೈ ಇದೆಯಲ್ಲ, ಅದು ನನ್ನನ್ನು ಮೂರು ರಾತ್ರಿ ಅಳಿಸಿತು.

ನಾನು ಉದ್ದಕ್ಕೆ ಗೆರೆ ಎಳೆದು ಕತ್ತರಿಸಿ, ಬಣ್ಣ ಬಳಿದು, ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕೈ ಬಿಸಿಲಿಗೆ ಬಾಡಿದ ಬಾಳೆ ಎಲೆ ಥರ ಜೋತುಬಿದ್ದಿತ್ತು. ಮಾವ ಒಂದು ತುಂಡು ಎತ್ತಿಕೊಂಡು, ಅಂಚನ್ನು ನನ್ನ ಕಡೆ ತಿರುಗಿಸಿ ಟಾರ್ಚ್ ಬಿಟ್ಟರು. ಎರಡು ಹಾಳೆಗಳ ನಡುವೆ ಅಲೆ ಅಲೆಯಾಗಿ ಸಾಲು ಸಾಲು ಕೊಳವೆಗಳು. "ರಟ್ಟಿಗೂ ಮರದ ಹಾಗೆ ನಾರಿದೆಯಮ್ಮಾ. ನೀನು ಅಡ್ಡಕ್ಕೆ ಕುಯ್ದಿದ್ದೀಯ." ಕೊಳವೆಗಳು ಕೈಯ ಉದ್ದಕ್ಕೇ ಓಡಬೇಕು. ಅಡ್ಡಕ್ಕೆ ಬಂದರೆ ಪ್ರತಿ ಸಾಲಿನಲ್ಲೂ ಅದು ಮಡಚಿಕೊಳ್ಳುತ್ತೆ. ಮತ್ತೆ ಕತ್ತರಿಸಿದೆವು. ಮೂರು ಪದರ: ಹೊರಗಿನ ಎರಡು ಉದ್ದಕ್ಕೆ, ನಡುವಿನದು ಅಡ್ಡಕ್ಕೆ, ಪ್ಲೈವುಡ್ ಥರ. ಫೆವಿಕಾಲ್ ಹಚ್ಚಿ, ಮೇಲೆ ಅಕ್ಕಿ ಮೂಟೆ ಹೇರಿ ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಬಡಿದರೆ ಹಲಗೆ ಬಡಿದ ಹಾಗೆ ಟಕ್ ಟಕ್ ಅನ್ನುತ್ತಿತ್ತು.

ಮೊಣಕೈ ಇರೋ ಕಡೆ ಬೋಲ್ಟು ನಟ್ಟು. ಎರಡು ಕಡೆಗೂ ಅಗಲದ ವಾಷರ್ ಹಾಕಲೇಬೇಕು. ಇಲ್ಲದಿದ್ದರೆ ನಾಲ್ಕು ಸಲ ಆಡಿಸುವಷ್ಟರಲ್ಲಿ ತೂತು ಹರಿದು ದೊಡ್ಡದಾಗುತ್ತೆ. ಬಕೆಟ್‌ಗೆ ಐದು ಲೀಟರಿನ ಎಣ್ಣೆ ಕ್ಯಾನನ್ನು ಓರೆಯಾಗಿ ಕುಯ್ದು, ಹಲ್ಲುಗಳಿಗೆ ಐಸ್‌ಕ್ರೀಮ್ ಕಡ್ಡಿ ಅಂಟಿಸಿದೆ. ಇಷ್ಟಕ್ಕೆ ನನಗೆ ಸಮಾಧಾನ ಆಗಿತ್ತು. ಮಾವನಿಗೆ ಆಗಲಿಲ್ಲ. ಸುತ್ತ ಒಂದು ರೌಂಡ್ ಹಾಕಿ, "ಬೆಳ್ಳಿ ಹಾಗೆ ಹೊಳೆಯೋ ರಾಡು ಎಲ್ಲಿ? ಅದಿಲ್ಲದಿದ್ರೆ ಇದು ಜೆಸಿಬಿ ಅಲ್ಲ, ಆನೆ" ಅಂದರು. ನಿಜ, ದೂರದಿಂದ ನೋಡಿದರೆ ಹಳದಿ ಆನೆ ಸೊಂಡಿಲು ಎತ್ತಿದ ಹಾಗೇ ಇತ್ತು. ಅವರು ಹೇಳಿದ್ದು ಹೈಡ್ರಾಲಿಕ್ ಸಿಲಿಂಡರಿನ ರಾಡು. ಅಡುಗೆಮನೆಯ ಫಾಯಿಲ್ ಮುಗಿದಮೇಲೆ ಉಳಿಯೋ ರಟ್ಟಿನ ಕೊಳವೆಗೆ ಫಾಯಿಲನ್ನೇ ಸುತ್ತಿ, ಅದು ಒಳಗೆ ಹೊರಗೆ ಜಾರುವ ಹಾಗೆ ಸ್ವಲ್ಪ ದಪ್ಪದ ಇನ್ನೊಂದು ಕೊಳವೆ ಮಾಡಿ ಹಳದಿ ಬಳಿದೆವು. ಹಳೆ ಕೇಬಲ್ ಟೀವಿಯ ಕಪ್ಪು ವೈರು ಎರಡು ತುಂಡು ಎಣ್ಣೆ ಪೈಪುಗಳಾದವು. ಕೈ ಎತ್ತಿದರೆ ರಾಡು ಹೊರಗೆ ಬರುತ್ತೆ, ಇಳಿಸಿದರೆ ಒಳಗೆ ಹೋಗುತ್ತೆ. ಆನೆ ಹೋಗಿ ಜೆಸಿಬಿ ಬಂತು.

ಬಣ್ಣದ ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಪೋಸ್ಟರ್ ಕಲರ್ ತಂದು ದುಡ್ಡು ದಂಡ ಮಾಡಬೇಡಿ. ರಟ್ಟು ಕುಡಿದುಬಿಡುತ್ತೆ, ಆಮೇಲೆ ಹಳದಿ ಹೋಗಿ ಸಾಸಿವೆ ಗೊಜ್ಜಿನ ಬಣ್ಣ ಬರುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕೆಜಿ ಬಿಳಿ ಡಿಸ್ಟೆಂಪರ್, ಒಂದು ಸಣ್ಣ ಬಾಟಲಿ ಹಳದಿ ಸ್ಟೈನರ್ ತಗೊಳ್ಳಿ. ಮೊದಲು ಬರೀ ಬಿಳಿ ಒಂದು ಕೋಟು, ಒಣಗಿದ ಮೇಲೆ ಸ್ಟೈನರ್ ಬೆರೆಸಿದ್ದು ಎರಡು ಕೋಟು. ಒಂದೇ ಕಡೆ ಬಳಿದರೆ ರಟ್ಟು ಹಪ್ಪಳದ ಥರ ಸೊಟ್ಟ ಆಗುತ್ತೆ. ಹಿಂದೆಯೂ ಒಂದು ಕೈ ಬಳಿಯಿರಿ.

ಬಲೂನಿನ ಹತ್ತಿರ ಬಂದಾಗ ಅತ್ತೆ ಅಡ್ಡ ಬಂದರು. ನಾನು ಸಂತೆಪೇಟೆಯಿಂದ ಹಳದಿ ಮತ್ತು ಕಪ್ಪು ಬಲೂನು ತಂದಿದ್ದೆ. "ಮಗುವಿನ ಹುಟ್ಟುಹಬ್ಬಕ್ಕೆ ಮನೆ ತುಂಬಾ ಕಪ್ಪು ಕಟ್ಟುತ್ತೀಯಾ? ಬಿಡ್ತು ಅನ್ನು." ವಾದ ಮಾಡೋಕೆ ನನಗೂ ಶಕ್ತಿ ಇರಲಿಲ್ಲ. ಟೈರಿಗೆ ಮತ್ತು ಪಟ್ಟಿಗೆ ಮಾತ್ರ ಕಪ್ಪು, ಬಲೂನು ಹಳದಿ ಮತ್ತು ಕೆಂಪು ಅಂತ ರಾಜಿ ಆಯಿತು. ಪುಟ್ಟ ಹುಟ್ಟಿದ್ದು ನವೆಂಬರ್ 3. ಪೋರ್ಟಿಕೋ ತುಂಬಾ ಹಳದಿ ಕೆಂಪು ಕಟ್ಟಿ ಮುಗಿಸಿ ಕೆಳಗೆ ಇಳಿಯುತ್ತಿದ್ದೇನೆ, ಪಕ್ಕದ ಮನೆ ಅಂಕಲ್ ಗಾಡಿ ನಿಲ್ಲಿಸಿ, "ಪರವಾಗಿಲ್ಲ ಕಣಮ್ಮಾ, ರಾಜ್ಯೋತ್ಸವ ಜೋರಾಗೇ ಮಾಡ್ತಿದ್ದೀರಿ, ಬಾವುಟ ಎಷ್ಟು ಗಂಟೆಗೆ?" ಅಂತ ಕೇಳಿದರು. ಮಾರನೇ ದಿನ ಬಂದವರಲ್ಲಿ ಇಬ್ಬರು ಅದನ್ನೇ ಕೇಳಿದರು.

ಹಳದಿ ಕಪ್ಪು ಪಟ್ಟಿಗೆ ಹಳದಿ ಚಾರ್ಟ್ ಪೇಪರಿನ ಮೇಲೆ ಕರೆಂಟಿನ ಕಪ್ಪು ಟೇಪನ್ನು ಓರೆಯಾಗಿ ಅಂಟಿಸಿದ್ದು. ಟೆರೇಸಿನ ಗಿಡಗಳಿಗೆ ತಂದು ಮಿಕ್ಕಿದ್ದ ಹಸಿರು ಬಲೆಯನ್ನು ಪೋರ್ಟಿಕೋ ಪಕ್ಕಕ್ಕೆ ಇಳಿಬಿಟ್ಟೆವು. ಅಷ್ಟಕ್ಕೇ ನಮ್ಮ ಮನೆ ಅರ್ಧ ಕಟ್ಟಿದ ಬಿಲ್ಡಿಂಗ್ ಥರ ಕಾಣೋಕೆ ಶುರುವಾಯಿತು. ಹೆಲ್ಮೆಟ್ಟನ್ನೂ ಮನೆಯಲ್ಲೇ ಮಾಡುತ್ತೇನೆ ಅಂತ ಬಲೂನಿನ ಮೇಲೆ ಪೇಪರ್ ಅಂಟಿಸಿ ನಾಲ್ಕು ಮಾಡಿದೆ. ಹನ್ನೆರಡು ಬೇಕಿತ್ತು. ಐದನೆಯದು ಒಡೆದು ಮುಖಕ್ಕೆ ಗೋಂದು ಎರಚಿದಾಗ ಎದ್ದು ಹೋಗಿ ಪ್ಲಾಸ್ಟಿಕ್ಕಿನದು ತಂದುಬಿಟ್ಟೆ. ಎಲ್ಲಾ ಕೈಯಲ್ಲೇ ಮಾಡಬೇಕು ಅಂತ ಯಾರು ಹೇಳಿದ್ದಾರೆ?

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಬೋರ್ಡುಗಳು. ತ್ರಿಕೋನದಲ್ಲಿ ಸನಿಕೆ ಹಿಡಿದ ಮನುಷ್ಯ, ಅವನಿಗೆ ಪುಟ್ಟನ ಗುಂಗುರು ಕೂದಲು. ದುಂಡು ಬೋರ್ಡಿನಲ್ಲಿ ಸ್ಪೀಡಿನ ಜಾಗದಲ್ಲಿ 4. ಮೆಟ್ಟಿಲ ಹತ್ತಿರ "ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ". ಅಡುಗೆಮನೆ ಬಾಗಿಲಿಗೆ ಬಾಣದ ಗುರುತು ಹಾಕಿ "ಬದಲಿ ರಸ್ತೆ". ಗೇಟಿನಲ್ಲಿ ಸರ್ಕಾರಿ ಕೆಲಸಕ್ಕೆ ಹಾಕ್ತಾರಲ್ಲ, ಆ ಥರದ ದೊಡ್ಡ ಫಲಕ. ಕಾಮಗಾರಿಯ ಹೆಸರು: ನಾಲ್ಕನೇ ವರ್ಷದ ನಿರ್ಮಾಣ. ಗುತ್ತಿಗೆದಾರರು: ತಾತ. ಮೇಲುಸ್ತುವಾರಿ: ಅಜ್ಜಿ. ಅಂದಾಜು ಮೊತ್ತ: ಅಪ್ಪನಿಗೆ ಗೊತ್ತಿಲ್ಲ. ಪ್ರಾರಂಭದ ದಿನಾಂಕ ಬರೆದೆ. ಮುಕ್ತಾಯದ ದಿನಾಂಕ ಖಾಲಿ ಬಿಟ್ಟೆ, ನಮ್ಮ ಬಡಾವಣೆಯ ಫಲಕದಲ್ಲಿ ಇರೋ ಹಾಗೇ. ಬಂದ ದೊಡ್ಡವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಕ್ಕಳಿಗೆ ಓದೋಕೆ ಬರಲ್ಲ, ಅವರು ನೇರ ಜೆಸಿಬಿಗೇ.

ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ದಡ್ ಅಂತ ಸದ್ದು. ಕೈ ಭಾರಕ್ಕೆ ಇಡೀ ಗಾಡಿ ಹಿಂದಕ್ಕೆ ಮಗುಚಿ ಒಂದು ಹೆಡ್‌ಲೈಟ್ ಕಿತ್ತುಬಂದಿತ್ತು. ಹೆಡ್‌ಲೈಟ್ ಅಂದ್ರೆ ಸ್ಟೀಲ್ ಬಟ್ಟಲು, ಅದಕ್ಕೇನೂ ಆಗಲಿಲ್ಲ. ಬೆಳಿಗ್ಗೆ ಎದುರು ಮನೆಗೆ ಹೋಗಿ, "ಮೇಸ್ತ್ರಿ, ನಾಲ್ಕು ಇಟ್ಟಿಗೆ ಕೊಡ್ತೀರಾ, ಸಂಜೆ ವಾಪಸ್ ಕೊಡ್ತೀನಿ" ಅಂದೆ. ಅವರೇ ಬಾಂಡ್ಲಿಯಲ್ಲಿ ಹೊತ್ತು ತಂದು ಡಬ್ಬದೊಳಗೆ ಮುಂದಿನ ಮೂಲೆಗೆ ಜೋಡಿಸಿ, ಕೈ ಎತ್ತಿ ಇಳಿಸಿ ನೋಡಿ ತಲೆ ಆಡಿಸಿದರು. ಹೊರಡುವಾಗ ಸುತ್ತ ಕಣ್ಣಾಡಿಸಿ, "ದೃಷ್ಟಿ ಬೊಂಬೆ ಕಟ್ಟಿಲ್ವಲ್ಲ ಅಮ್ಮಾ? ಕಟ್ಟಡ ಅಂದ್ಮೇಲೆ ಅದಿಲ್ದೆ ಹೆಂಗೆ?" ಅಂದರು.

ಎಷ್ಟು ದಿನದಿಂದ ಎದುರಿಗೇ ನೇತಾಡುತ್ತಿತ್ತು, ನನಗೆ ಹೊಳೆದೇ ಇರಲಿಲ್ಲ! ಪೇಪರ್ ತಟ್ಟೆಯ ಮೇಲೆ ಗುಡ್ಡೆ ಕಣ್ಣು, ತಿರುಚಿದ ಮೀಸೆ, ಕೋರೆಹಲ್ಲು, ಹೊರಗೆ ಚಾಚಿದ ಕೆಂಪು ನಾಲಿಗೆ. ಹತ್ತು ನಿಮಿಷದ ಕೆಲಸ. ಬಲೆಯ ಮೇಲೆ ನೇತುಹಾಕಿದೆವು. ಬಂದವರಲ್ಲಿ ಎರಡು ವರ್ಷದ ಒಂದು ಮಗು ಅದನ್ನು ನೋಡಿ ಊರು ಒಂದಾಗುವ ಹಾಗೆ ಅತ್ತಿತು. ಗೋಡೆ ಕಡೆ ತಿರುಗಿಸಿದೆವು.

ಮಣ್ಣಿನ ಗುಡ್ಡಕ್ಕೆ ರಾಗಿ ಸುರಿಯೋಣ ಅಂದುಕೊಂಡಿದ್ದೆ. ಬಣ್ಣ ಥೇಟ್ ಕೆಮ್ಮಣ್ಣೇ. ಅತ್ತೆ ಬಿಡಲಿಲ್ಲ. ಧಾನ್ಯದ ಮೇಲೆ ಮಕ್ಕಳು ಕಾಲಿಡಬಾರದು. ಎಂ-ಸ್ಯಾಂಡ್ ತರೋಣ ಅಂದ್ರೆ ಅದು ಕಲ್ಲು ಪುಡಿ ಮಾಡಿದ್ದು, ಧೂಳು ಎದ್ದು ಮಕ್ಕಳ ಕಣ್ಣಿಗೆ ಹೋದರೆ ಕಷ್ಟ. ಕೊನೆಗೆ ಭತ್ತದ ಹೊಟ್ಟು ಒಂದು ಮೂಟೆ ತಂದು ಟಬ್‌ನಲ್ಲಿ ಸುರಿದೆವು. ಮಕ್ಕಳ ತಲೆಯಲ್ಲಿ, ಸಾಕ್ಸಿನಲ್ಲಿ, ಸೋಫಾ ಸಂದಿಯಲ್ಲಿ ಎಲ್ಲಾ ಹೊಟ್ಟು. ಇನ್ನೂ ಸಿಗುತ್ತಿದೆ.

ತಿಂಡಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಮೈಸೂರಿನಲ್ಲಿದ್ದುಕೊಂಡು ಇಟ್ಟಿಗೆಗೆ ಬೇರೆ ಏನು ಹುಡುಕೋದು? ಮೈಸೂರ್ ಪಾಕ್ ಒಂದರ ಮೇಲೊಂದು ಗೋಡೆಯ ಥರ ಜೋಡಿಸಿ ಪಕ್ಕದಲ್ಲಿ ಒಂದು ಹೊಸ ಕರಣೆ ಇಟ್ಟೆ. ಉದ್ದಿನವಡೆ ಟೈರು, ಖಾರಾಬೂಂದಿ ಜಲ್ಲಿ, ಇಡ್ಲಿಗೆ ಕಾಯಿಚಟ್ನಿ ಸಿಮೆಂಟು. ಚಟ್ನಿ ಮುಟ್ಟದ ಮಕ್ಕಳೂ ಅವತ್ತು "ಆಂಟಿ, ಸಿಮೆಂಟು" ಅಂತ ಎರಡೆರಡು ಸಲ ಹಾಕಿಸಿಕೊಂಡರು.

ಕೇಕ್ ಕತ್ತರಿಸೋ ಹೊತ್ತಿಗೆ ಪುಟ್ಟ ಕಾಣೆ. ನೋಡಿದರೆ ಅಡುಗೆಮನೆಯಿಂದ ಎರಡು ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಬರ್ತಿದ್ದಾನೆ. ಹೋದ ತಿಂಗಳು ಆಯುಧಪೂಜೆಯ ದಿನ ಎದುರು ಸೈಟಿನ ಗಾಡಿಗೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದನ್ನು ಗೇಟಿನಲ್ಲಿ ನಿಂತು ನೋಡಿದ್ದ. ರಟ್ಟಿನ ಚಕ್ರ ನಾಲ್ಕಕ್ಕೂ ಒಂದೊಂದು ಇಟ್ಟ. "ಅಮ್ಮ, ಈಗ ಮುಂದಕ್ಕೆ ತಳ್ಳು." ತಳ್ಳಿದೆ. ಒಳಗೆ ನಾಲ್ಕು ಇಟ್ಟಿಗೆ, ಹಿಂದೆ ಹನ್ನೆರಡು ಮಕ್ಕಳು. ಆದರೂ ನಿಂಬೆಹಣ್ಣು ಒಡೆಯಲಿಲ್ಲ, ಚಕ್ರ ಮಡಚಿಕೊಂಡಿತು. ಮಾವ ಬಗ್ಗಿ ಒಂದೊಂದನ್ನೇ ಕಾಲಲ್ಲಿ ತುಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೇಕು.

ಮೇಸ್ತ್ರಿಗೆ ಇಟ್ಟಿಗೆ ಇನ್ನೂ ವಾಪಸ್ ಕೊಟ್ಟಿಲ್ಲ. ತೆಗೆದರೆ ಗಾಡಿ ಮಗುಚುತ್ತೆ, ಗಾಡಿಯನ್ನು ಹಾಲ್‌ನಿಂದ ಕದಲಿಸೋಕೆ ಪುಟ್ಟ ಬಿಡುತ್ತಿಲ್ಲ. ಮೂರು ವಾರ ಆಯಿತು, ನಾವೆಲ್ಲ ಸೋಫಾಗೆ "ಬದಲಿ ರಸ್ತೆ"ಯಲ್ಲೇ ಹೋಗಿ ಬರುತ್ತಿದ್ದೇವೆ. ನಿನ್ನೆ ಅತ್ತೆ ಅದರ ಎತ್ತಿದ ಕೈ ಮೇಲೆ ಟವೆಲ್ ಒಣಹಾಕಿದ್ದರು. ಚೆನ್ನಾಗಿ ತಡೆಯುತ್ತೆ.