84 ಮೈಲಿ ಗಾಳಿ, ಒಂದೂ ಪ್ಯಾನೆಲ್ ಹಾರಲಿಲ್ಲ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾದ ಗಾಳಿ ಮಧ್ಯಾಹ್ನ ಮೂರಕ್ಕೆ ನಿಂತಿತು. ಕಂಬದ ಮೇಲಿನ ಮೀಟರ್ ತೋರಿಸಿದ ಅತಿ ದೊಡ್ಡ ಬೀಸು ಗಂಟೆಗೆ 84 ಮೈಲಿ, ಅಂದರೆ 135 ಕಿ.ಮೀ. ಪಕ್ಕದ ಮನೆಯ ಕಸದ ಡಬ್ಬ ನಮ್ಮ ಅಂಗಳ ದಾಟಿ ರಸ್ತೆಯ ತುದಿ ಸೇರಿತ್ತು. ನಾನು ಗ್ರೀನ್‌ಹೌಸ್ ಸುತ್ತ ಹೋಗಿ ಅದರ ಗೋಡೆ, ಮಾಡಿನ ಪ್ಲಾಸ್ಟಿಕ್ ಪ್ಯಾನೆಲ್‌ಗಳನ್ನು ಒಂದೊಂದಾಗಿ ಎಣಿಸಿದೆ. ಎಲ್ಲವೂ ಇದ್ದವು. ಇನ್ನೊಂದು ಸಲ ಎಣಿಸಿದೆ. ಒಳಗೆ ಮೆಂತ್ಯದ ಒಂದು ಎಲೆಯೂ ಬಾಡಿರಲಿಲ್ಲ. ಅಲ್ಲಿಂದಲೇ ಹೆಂಡತಿಯನ್ನು ಕೂಗಿದೆ. ಅವಳು ಏನೋ ಆಗಿಹೋಯಿತು ಅಂತ ಚಪ್ಪಲಿ ಕೂಡ ಹಾಕದೆ ಓಡಿ ಬಂದಳು.

ನಾವು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನ ದಕ್ಷಿಣಕ್ಕೆ, ಫ್ಲಾಟೈರನ್ಸ್ ಬಂಡೆಗಳು ಕಾಣುವ ಕಡೆ ಮನೆ ಮಾಡಿ ಎರಡು ವರ್ಷವಾಯಿತು. ಮುಂಚೆ ಡಲ್ಲಾಸ್‌ನಲ್ಲಿದ್ದೆವು. ಅಲ್ಲಿ ಗಾಳಿ ಅಂದರೆ ಮಳೆಯ ಜೊತೆ ಬರುವುದು. ಇಲ್ಲಿ ಹಾಗಲ್ಲ. ಆಕಾಶ ನೀಲಿಯಾಗಿರುತ್ತದೆ, ಬಿಸಿಲು ಹೊಡೆಯುತ್ತಿರುತ್ತದೆ, ಬೆಟ್ಟದ ಮೇಲೆ ತಟ್ಟೆಯಂಥ ಮೋಡ ಅಲುಗಾಡದೆ ನಿಂತಿರುತ್ತದೆ. ಅರ್ಧ ಗಂಟೆಯಲ್ಲಿ ಲಾರಿ ಬಂದು ಗುದ್ದಿದ ಹಾಗೆ ಗಾಳಿ ಬಂದು ಮನೆಗೆ ಬಡಿಯುತ್ತದೆ. ಇದು ಚಿನೂಕ್. ಪಡುವಣದಿಂದ ಬಂದ ಗಾಳಿ ರಾಕಿ ಬೆಟ್ಟ ಹತ್ತುವಾಗ ತೇವವನ್ನೆಲ್ಲ ಆ ಕಡೆಯೇ ಸುರಿದು, ಈ ಕಡೆ ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ. ಒಂದು ಕಿ.ಮೀ. ಇಳಿದರೆ ಸುಮಾರು 10 ಡಿಗ್ರಿ ಏರಿಕೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇದರ ಕಾಲ. 1982ರ ಜನವರಿಯಲ್ಲಿ ಬೋಲ್ಡರ್‌ನಲ್ಲಿ 130 ಮೈಲಿ ಮೀರಿದ ಬೀಸು ದಾಖಲಾಗಿದೆ. ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ ಗಾಳಿಯಂತ್ರಗಳನ್ನು ಪರೀಕ್ಷೆ ಮಾಡುವ ಸರ್ಕಾರಿ ಕೇಂದ್ರವಿದೆ. ಅವರು ಗಾಳಿಯನ್ನೇ ಹುಡುಕಿಕೊಂಡು ಬಂದ ಜಾಗ ಇದು.

ಗ್ರೀನ್‌ಹೌಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 8 ಅಡಿಗೆ 12 ಅಡಿ ಕಿಟ್, ಅಲ್ಯೂಮಿನಿಯಂ ಚೌಕಟ್ಟು, 6 ಮಿ.ಮೀ. ಜೋಡಿಗೋಡೆಯ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಪ್ಯಾನೆಲ್‌ಗಳು. ಅಡಿಯಲ್ಲಿ 4×4 ಇಂಚಿನ ಮರದ ತೊಲೆ, ನಾಲ್ಕು ಮೂಲೆಗೂ ನೆಲಕ್ಕೆ ತಿರುಪಿ ಇಳಿಸಿದ ಆ್ಯಂಕರ್. ಈ ಭಾಗ ತೊಂದರೆ ಕೊಡಲಿಲ್ಲ. ಮೊದಲ ದಿನದಿಂದ ಇವತ್ತಿನವರೆಗೆ ಚೌಕಟ್ಟು ಒಂದು ಕೂದಲೆಳೆಯಷ್ಟೂ ಕದಲಿಲ್ಲ.

ಕಾಟ ಕೊಟ್ಟಿದ್ದು ಪ್ಯಾನೆಲ್‌ಗಳು. ಹೋದ ನವೆಂಬರ್‌ನ ಮೊದಲ ಗಾಳಿಗೆ ಮೂರು ಹಾರಿದವು. ಪಡುವಣದ ಗೋಡೆಗೆ, ಪ್ಯಾನೆಲ್‌ಗಳನ್ನು ಚೌಕಟ್ಟಿಗೆ ಹಿಡಿಸುವ ಕ್ಲಿಪ್‌ಗಳನ್ನು ದುಪ್ಪಟ್ಟು ಮಾಡಿದೆ. ಡಿಸೆಂಬರ್‌ನಲ್ಲಿ ಐದು ಹಾರಿದವು. ಎರಡು ಸಲವೂ ಹಾರಿದ್ದು ಮೂಡಣ ಗೋಡೆಯವು, ಮಾಡಿನ ಮೂಡಣ ಇಳಿಜಾರಿನವು. ಗಾಳಿ ಬಡಿಯುವುದು ಪಡುವಣದಿಂದ, ಕಿತ್ತುಹೋಗುವುದು ಮೂಡಣದ್ದು! ಜೊತೆಗೆ ಎಲ್ಲ ಕ್ಲಿಪ್‌ಗಳೂ ಹೊರಗಡೆಗೆ ಬಾಗಿದ್ದವು. ಯಾರೋ ಒಳಗೆ ನಿಂತು ಹೊರಕ್ಕೆ ಒದ್ದ ಹಾಗೆ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೋಲ್ಡರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು, ಅದನ್ನು ಕಳೆದೇ ಹೇಳುತ್ತೇನೆ. ಗಂಟೆಗೆ 40 ಮೈಲಿಗೆ ನನ್ನ 2×4 ಅಡಿ ಪ್ಯಾನೆಲ್ ಮೇಲೆ ಸುಮಾರು 12 ಕೆ.ಜಿ. ಒತ್ತಡ. 80 ಮೈಲಿಗೆ 50 ಕೆ.ಜಿ. ಒಂದು ಮೂಟೆ ಅಕ್ಕಿಯನ್ನು ಒಂದೊಂದು ಪ್ಯಾನೆಲ್‌ಗೂ ಒರಗಿಸಿದ ಹಾಗೆ. ಅದನ್ನು ಹಿಡಿದುಕೊಳ್ಳಬೇಕಾದದ್ದು ಕಿರುಬೆರಳಿನಷ್ಟು ಉದ್ದದ ತಂತಿ ಕ್ಲಿಪ್.

ಕ್ಲಿಪ್ ಅಂದಾಗ ಮಾರಿದವರ ವಿಷಯವೂ ಬರುತ್ತದೆ. 60 ಕ್ಲಿಪ್ ಕೇಳಿದರೆ 20 ಬಂದವು. ಐದು ಪ್ಯಾನೆಲ್‌ಗಳಲ್ಲಿ ಎರಡರ ಮೂಲೆ ಮಡಿಸಿಹೋಗಿತ್ತು. ಬಿಸಿಲು ತಡೆಯುವ ಲೇಪ ಯಾವ ಕಡೆಗಿದೆ ಅಂತ ತೋರಿಸುವ ಹಾಳೆ ಒಂದರ ಮೇಲೂ ಇರಲಿಲ್ಲ. ಫೋನ್ ಮಾಡಿದರೆ ಗಾಳಿಯಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂದರು. ಪೆಟ್ಟಿಗೆಯ ಮೇಲೆ ಮಾತ್ರ 65 ಮೈಲಿ ಗಾಳಿ ತಡೆಯುತ್ತದೆ ಅಂತ ದೊಡ್ಡ ಅಕ್ಷರದಲ್ಲಿದೆ. ಕೈಪಿಡಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಬಾಗಿಲು, ವೆಂಟ್ (ಮಾಡಿನ ಗಾಳಿಕಿಂಡಿ) ಪೂರ್ತಿ ಮುಚ್ಚಿದ್ದಾಗ ಮಾತ್ರ. ಆ ಸಾಲನ್ನು ಪೆಟ್ಟಿಗೆಯ ಮೇಲೇ ಹಾಕಿದ್ದರೆ ನನ್ನ ಎಂಟು ಪ್ಯಾನೆಲ್ ಉಳಿಯುತ್ತಿದ್ದವು.

ಆ ಸಾಲಿನ ಅರ್ಥ ತಿಳಿದದ್ದು ಅಮ್ಮನಿಂದ. ತೀರ್ಥಹಳ್ಳಿಯಿಂದ ವಿಡಿಯೋ ಕರೆಯಲ್ಲಿದ್ದರು. ಮುರಿದ ಪ್ಯಾನೆಲ್ ತೋರಿಸಿದೆ. "ಅಲ್ಲ ಮಾರಾಯ, ಗಾಳಿ ಒಳಗೆ ನುಗ್ಗಿದ್ರೆ ಹಂಚು ಹಾರದೆ ಇರುತ್ತಾ? ಆಷಾಢದಲ್ಲಿ ನಿನ್ನಜ್ಜ ಪಡುವಣ ಬಾಗಿಲು ತೆಗೆಯೋಕೆ ಬಿಡ್ತಿದ್ರಾ?" ಅಂದರು. ಹೌದಲ್ವಾ! ಆ ಬಾಗಿಲಿಗೆ ಚಿಲಕ, ಅದರ ಮೇಲೆ ಅಗಳಿ, ಅದಕ್ಕೊರಗಿ ಒನಕೆ. ಮಳೆಗಾಲ ಮುಗಿಯುವವರೆಗೆ ಎಲ್ಲರೂ ಹಿತ್ತಲ ಕಡೆಯಿಂದಲೇ ಓಡಾಡುತ್ತಿದ್ದೆವು.

ಮಾರನೆಯ ದಿನ 25, 30 ಮೈಲಿಯ ಸಾಧಾರಣ ಗಾಳಿಯಿತ್ತು. ನಾಲ್ಕು ಊದುಬತ್ತಿ ಹಚ್ಚಿಕೊಂಡು ಒಳಗೆ ಕೂತೆ. ಬಾಗಿಲು ಮುಚ್ಚಿತ್ತು, ಮಾಡಿನ ವೆಂಟ್ ಮುಚ್ಚಿತ್ತು. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಬಾಗಿಲ ಅಡಿಯ ಸಂದಿಯ ಹತ್ತಿರ ಹಿಡಿದಾಗ ಮಾತ್ರ ಒಳಕ್ಕೆ ಬಾಗಿತು. ಹನ್ನೊಂದು ಗಂಟೆಗೆ ಬಿಸಿಲು ಏರಿತು. ಥರ್ಮಾಮೀಟರ್ 20 ಡಿಗ್ರಿ ದಾಟಿತು. ತಲೆಯ ಮೇಲೆ ಕಿರ್ರ್ ಅಂತ ಸಣ್ಣ ಸದ್ದು. ಬಿಸಿಗೆ ಒಳಗಿನ ಮೇಣ ಹಿಗ್ಗಿ ತಾನಾಗಿಯೇ ಕೆಲಸ ಮಾಡುವ ಮೇಣದ ಸಿಲಿಂಡರ್ ನಿಧಾನವಾಗಿ ವೆಂಟನ್ನು ಮೇಲಕ್ಕೆ ಎತ್ತುತ್ತಿತ್ತು. ನಾಲ್ಕು ಬೆರಳು ತೆರೆದಿರಬೇಕು, ಅಷ್ಟರಲ್ಲಿ ಒಂದು ಬೀಸು ಬಂತು. ಹೊಗೆ ನಾಲ್ಕೂ ಕಡೆಗೆ ಚದುರಿತು. ಮೂಡಣ ಗೋಡೆಯ ಪ್ಯಾನೆಲ್‌ಗಳೆಲ್ಲ ಒಟ್ಟಿಗೆ ಹೊರಕ್ಕೆ ಉಬ್ಬಿ ಟಪ್ ಅಂತ ವಾಪಸ್ ಬಂದವು. ಅಂಗೈಯನ್ನು ಒಂದರ ಮೇಲಿಟ್ಟೆ. ಉಸಿರಾಡುವ ಹಸುವಿನ ಹೊಟ್ಟೆ ಮುಟ್ಟಿದ ಹಾಗಿತ್ತು.

ವೆಂಟ್ ಇದ್ದದ್ದು ಪಡುವಣದ ಇಳಿಜಾರಿನಲ್ಲಿ. ಕೀಲು ಮೇಲೆ, ಬಾಯಿ ಕೆಳಗೆ. ತೆರೆದರೆ ಗಾಳಿಯನ್ನು ಬಾಚಿ ಒಳಗೆ ತುಂಬುವ ಮೊರದ ಹಾಗೆ ಆಗುತ್ತಿತ್ತು. ಮೂಡಣ ಗೋಡೆಯನ್ನು ಹೊರಗಿನ ಗಾಳಿ ಮೊದಲೇ ಎಳೆಯುತ್ತಿರುತ್ತದೆ. ಒಳಗಿನಿಂದಲೂ ತಳ್ಳಿದರೆ ಮುಗಿಯಿತು. ಅಮೆರಿಕದ ಕಟ್ಟಡ ನಿಯಮದಲ್ಲಿ ಮುಚ್ಚಿದ ಕಟ್ಟಡಕ್ಕೆ ಒಳ ಒತ್ತಡದ ಗುಣಕ 0.18. ಗಾಳಿಯ ಕಡೆ ದೊಡ್ಡ ಬಾಯಿ ತೆರೆದಿರುವುದಕ್ಕೆ 0.55. ಮೂರು ಪಟ್ಟು! ಅದರ ಮೇಲೆ ಚಿನೂಕ್ ಬಿಸಿ ಗಾಳಿ. ಬಿಸಿಲೂ ಇರುತ್ತದೆ, ಗಾಳಿಯೂ ಬಿಸಿ. ಹಾಗಾಗಿ ವೆಂಟ್ ತೆರೆಯಲೇಬಾರದ ಹೊತ್ತಿಗೇ ಸರಿಯಾಗಿ ತೆರೆಯುತ್ತಿತ್ತು. ಮೇಣ ಆರಿ ವೆಂಟ್ ಮುಚ್ಚಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತು ಯಾವ ಗಾಳಿ ಕಾಯುತ್ತದೆ?

ಆಮೇಲೆ ಮಾಡಿದ್ದು ಇಷ್ಟು. ವೆಂಟನ್ನು ಬಿಚ್ಚಿ ಮೂಡಣದ ಇಳಿಜಾರಿಗೆ ಹಾಕಿದೆ. ಮೇಣದ ಸಿಲಿಂಡರ್ ತೆಗೆದು, ಮಾರ್ಚ್‌ವರೆಗೆ ಎರಡು ಚಿಲಕ ಬಿಗಿದೆ. ಚಳಿಗಾಲದ ಗಾಳಿಯಾಟಕ್ಕೆ ಮೂಡಣ ಗೋಡೆಯ ತಳದಲ್ಲಿ ಓರೆ ಪಟ್ಟಿಗಳ ಒಂದು ಸಣ್ಣ ಗಾಳಿಕಿಂಡಿ (ಲೂವರ್) ಸಾಕು. ಮೆಂತ್ಯ, ಪಾಲಕ್, ಕೊತ್ತಂಬರಿಗೆ ಅಷ್ಟೇ ಬೇಕಿರುವುದು. ಕರಿಬೇವಿನ ಎರಡು ಕುಂಡ ಹೇಗೂ ಮೇ ತಿಂಗಳವರೆಗೆ ಮನೆಯೊಳಗೇ ಇರುತ್ತವೆ. ಫ್ಯಾನ್ ಹಾಕಬಹುದಿತ್ತಲ್ಲ ಅಂತ ಗೆಳೆಯರು ಕೇಳಿದರು. 2024ರ ಏಪ್ರಿಲ್‌ನಲ್ಲಿ ಇಲ್ಲಿ ಬೆಂಕಿಯ ಭಯಕ್ಕೆ ಗಾಳಿ ಏಳುವ ಮುಂಚೆಯೇ ಕರೆಂಟ್ ತೆಗೆದಿದ್ದರು. ದೊಡ್ಡ ಗಾಳಿಯ ದಿನ ಕರೆಂಟ್ ನಂಬಿ ಯಾವುದನ್ನೂ ಕಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಾಗಿಲ ಅಡಿಗೆ ಬ್ರಷ್ ಪಟ್ಟಿ. ಪ್ರತಿ ಪ್ಯಾನೆಲ್ ಮೇಲೂ ಅಡ್ಡಕ್ಕೆ ಎರಡು ಅಲ್ಯೂಮಿನಿಯಂ ಪಟ್ಟಿ, ರಬ್ಬರ್ ವಾಷರ್ ಹಾಕಿದ ಸ್ಕ್ರೂ. ಇಲ್ಲಿ ಒಂದು ಎಚ್ಚರ ಬೇಕು. 5 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ತೂತು ಕೊರೆಯಿರಿ. ನಾಲ್ಕು ಅಡಿಯ ಪಾಲಿಕಾರ್ಬೊನೇಟ್ ಚಳಿಗಾಲದ ರಾತ್ರಿಯಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ಜಾಗ ಕೊಡದಿದ್ದರೆ ಸ್ಕ್ರೂ ಸುತ್ತಲೇ ಸೀಳುತ್ತದೆ. ವಾಷರ್ ಒತ್ತಿ ಚಪ್ಪಟೆಯಾಗುವಷ್ಟು ಬಿಗಿಯಬೇಡಿ, ಬೆರಳಲ್ಲಿ ತಿರುಗಿಸಿದರೆ ಕಷ್ಟಪಟ್ಟು ತಿರುಗಬೇಕು.

ಬೇಲಿಯದು ಇನ್ನೊಂದು ಕಥೆ. ಪಡುವಣಕ್ಕೆ ಆರು ಅಡಿಯ ಒತ್ತು ಹಲಗೆ ಬೇಲಿಯಿತ್ತು. ಅದು ಗಾಳಿ ತಡೆಯುತ್ತದೆ ಅಂತ ಖುಷಿಯಲ್ಲಿದ್ದೆ. ಗಟ್ಟಿ ಗೋಡೆಯ ಮೇಲೆ ಹಾರಿದ ಗಾಳಿ ಹಿಂದೆಯೇ ಸುಳಿ ಸುತ್ತಿಕೊಂಡು ಬೀಳುತ್ತದೆ. ಅರ್ಧ ಗಾಳಿಯನ್ನು ಬಿಟ್ಟು ಅರ್ಧ ತಡೆಯುವ ಬೇಲಿಯೇ ಒಳ್ಳೆಯದು. ಅದರಿಂದ ಗಾಳಿಯ ಮರೆ ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಸಿಗುತ್ತದೆ. ಊರಿನ ಜಗಲಿಗೆ ಮಳೆಗಾಲದಲ್ಲಿ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿ ನೆನಪಾಯಿತು. ಇರಚಲು ಒಳಗೆ ಬರುತ್ತಿರಲಿಲ್ಲ, ಗಾಳಿ ಮಾತ್ರ ಮೆತ್ತಗಾಗಿ ಬರುತ್ತಿತ್ತು. ಬೇಲಿಯ ಹಲಗೆಗಳನ್ನು ಒಂದು ಬಿಟ್ಟು ಒಂದು ಕಿತ್ತೆ.

ಮನೆಗೆ ತಾಗಿದ ಕಡೆಯ ಎಂಟು ಅಡಿ ಬೇಲಿ ಪೂರ್ತಿ ತೆಗೆದು ಕಬ್ಬಿಣದ ಜಾಲರಿ ಹಾಕಿದೆ. 2021ರ ಡಿಸೆಂಬರ್ 30ರಂದು ಇದೇ ಗಾಳಿಯಲ್ಲಿ ಮಾರ್ಷಲ್ ಅನ್ನುವ ಹೆಸರಿನ ಬೆಂಕಿ ಪಕ್ಕದ ಊರುಗಳಾದ ಲೂಯಿಸ್‌ವಿಲ್, ಸುಪೀರಿಯರ್ ಕಡೆ ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಎಷ್ಟೋ ಕಡೆ ಬೆಂಕಿಯನ್ನು ಮನೆಯ ಬಾಗಿಲಿಗೆ ತಂದದ್ದು ಮರದ ಬೇಲಿಗಳೇ. ಗಾಳಿ ತಡೆಗೆ ಜುನಿಪರ್ ನೆಡುವ ಆಸೆಯೂ ಇತ್ತು. ಅದು ಎಣ್ಣೆಯ ಗಿಡ, ಪಂಜಿನಂತೆ ಉರಿಯುತ್ತದೆ. ಮನೆಯ ಹತ್ತಿರ ಬೇಡವೇ ಬೇಡ. ಜಾಗದ ದೂರದ ಅಂಚಿನಲ್ಲಿ ಏನು ನೆಡಬಹುದು ಅಂತ ಇನ್ನೂ ನೋಡುತ್ತಿದ್ದೇನೆ.

ಹಾಂ, ಮುಂದಿನ ಯೋಜನೆ ಸಂಡಿಗೆ ಒಣಗಿಸುವ ಗೂಡು. ಗಾಳಿ ಬಂದಾಗ ತೂರಿಕೋ ಅಂತಾರಲ್ವಾ? ಈ ಗಾಳಿಯಷ್ಟು ಒಣ ಗಾಳಿ ಸಂಡಿಗೆಗೆ ಎಲ್ಲಿ ಸಿಗಬೇಕು! ಹೋದ ತಿಂಗಳು ಹೆಂಡತಿ ಅರಳು ಸಂಡಿಗೆ ಇಟ್ಟಳು. ಅರ್ಧ ದಿನದಲ್ಲಿ ಗರಿಗರಿ ಒಣಗಿದವು, ಇನ್ನರ್ಧ ದಿನದಲ್ಲಿ ಪಕ್ಕದವರ ಹುಲ್ಲಿನ ಮೇಲೆ ಸಿಕ್ಕವು. ಪಕ್ಕದವರ ನಾಯಿ ಅವತ್ತಿನಿಂದ ನಮ್ಮ ಬೇಲಿ ಬಿಟ್ಟು ಕದಲುತ್ತಿಲ್ಲ. ಮೇಲೆ ಕೆಳಗೆ ಸ್ಟೀಲ್ ಜಾಲರಿ, ಮಧ್ಯೆ ಜಾರುವ ತಟ್ಟೆಗಳು, ಕಾಲಿಗೆ ಉಳಿದ ಎರಡು ಆ್ಯಂಕರ್. ಕಾಗದದ ಮೇಲೆ ಚಿತ್ರ ಬರೆದಾಗಿದೆ, ಕಿತ್ತ ಬೇಲಿ ಹಲಗೆ ಸುಮ್ನೆ ಬಿದ್ದಿದೆ.

ಗ್ರೀನ್‌ಹೌಸ್‌ನಲ್ಲಿ ಒಂದೇ ಒಂದು ಕೆಲಸ ಬಾಕಿ. 60 ಮೈಲಿ ದಾಟಿದರೆ ಮಾಡಿನ ನೆತ್ತಿಯ ಅಲ್ಯೂಮಿನಿಯಂ ಕೊಳವೆ ಕೊಳಲಿನ ಹಾಗೆ ಊದುತ್ತದೆ. ಭಾನುವಾರ ಐದು ಗಂಟೆ ಹೊತ್ತು ಊದಿತು. ಎರಡು ಬಿರಡೆ ಕೊರೆದಿಟ್ಟಿದ್ದೇನೆ. ಮಂಜು ಕರಗಿ ಏಣಿ ಇಡುವ ಜಾಗ ಒಣಗಿದ ತಕ್ಷಣ ಹತ್ತಿ ಜಡಿಯಬೇಕು.